ಹಳೇಬೀಡಿನಲ್ಲಿ ಕೇಳಿದ ಪ್ರಶ್ನೆ

ಕಾಶ್ಮೀರದ ಕಣಿವೆಯ ಶ್ರೀನಗರವನ್ನು ನೋಡಬೇಕೆಂದು ನಮ್ಮ ಬಾಲಿಕೆಯರು ಹಂಬಲಿಸುತ್ತಿದ್ದರು. 2025ರ ಏಪ್ರಿಲಿನಲ್ಲಿ ಅದೇ ಸೀಮೆಯ ಪಹಲ್ಗಾಮಿನಲ್ಲಿ 26 ಮಂದಿ ಹತರಾಗಲು, ತಾಯಿತಂದೆಗಳು ಸಮ್ಮತಿಸಲಿಲ್ಲ. ಆದುದರಿಂದ ನಾವು ಅರಸೀಕೆರೆಯಿಂದ ಬೇಲೂರು ಹಳೇಬೀಡುಗಳಿಗೆ ಹೋದೆವು.

ಬೇಲೂರಿನ ಮದನಿಕೆಯರನ್ನು ಕಂಡು ಹಿಗ್ಗಿದ ಮಕ್ಕಳು ಹಳೇಬೀಡಿನಲ್ಲಿ ಮೌನ ತಾಳಿದರು. ದೋರಸಮುದ್ರವೆಂದು ಮೆರೆದ ಆ ರಾಜಧಾನಿಯನ್ನು 1311ರಲ್ಲಿ ಮಲಿಕ್ ಕಾಫೂರನ ದಂಡು ಮುತ್ತಿ, ಮೂರನೆಯ ಬಲ್ಲಾಳನಿಂದ ಆನೆ, ಕುದುರೆ, ಧನಗಳನ್ನು ಕೊಂಡೊಯ್ದಿತು. ಮುಂದಿನ ದಾಳಿಗಳಿಂದ ಊರು ಹಾಳಾಯಿತು.

“ಅಮ್ಮಾ, ಆಗ ಇಲ್ಲಿದ್ದ ಹುಡುಗಿಯರು ಏನಾದರು?” ಎಂದೊಬ್ಬಳು ಕೇಳಿದಳು. ಚರಿತ್ರೆಯ ಪುಸ್ತಕದಲ್ಲಿ ಆನೆಗಳ ಲೆಕ್ಕವುಂಟು, ಹುಡುಗಿಯರ ಮಾತಿಲ್ಲ.

ಶ್ರೀನಗರದಲ್ಲಿಯೂ ದಿನವೂ ಪಾಠಶಾಲೆಗೆ ನಡೆವ ಹುಡುಗಿಯರಿದ್ದಾರೆ. ನಾವು ಹೋಗದೆ ಉಳಿಯಬಹುದು. ಅವರಿಗೆ ಅದೇ ಮನೆ. ಅಂದಿನಿಂದ ಪ್ರಾತಃಪ್ರಾರ್ಥನೆಯಲ್ಲಿ ಅವರನ್ನೂ ನೆನೆಯುತ್ತೇವೆ.