641ರ ಲೆಕ್ಕ

3, 5, 17, 257, 65537. ಎರಡನ್ನು 1, 2, 4, 8, 16ನೇ ಘಾತಕ್ಕೆ ಏರಿಸಿ ಒಂದು ಕೂಡಿಸಿದರೆ ಸಿಗುವ ಈ ಐದೂ ಅವಿಭಾಜ್ಯ ಸಂಖ್ಯೆಗಳು. ಸಾಲು ಕೊನೆಯವರೆಗೂ ಹೀಗೇ ಇರುತ್ತದೆಂದು 17ನೇ ಶತಮಾನದ ಫ್ರಾನ್ಸಿನಲ್ಲಿ ಪಿಯರ್ ಡಿ ಫರ್ಮಾ ನಂಬಿದ್ದರು. ಪಿಯುಸಿಯಲ್ಲಿ ಓದುತ್ತಿದ್ದಾಗ ನಾನೂ ನಂಬಿದೆ. ಮುಂದಿನದು 32ನೇ ಘಾತದ್ದು: 4,29,49,67,297. ಅದೂ ಅವಿಭಾಜ್ಯವೇ ಎಂದು ಕೈಯಲ್ಲೇ ಭಾಗಿಸಿ ತೋರಿಸುವ ಹಟಕ್ಕೆ ಬಿದ್ದೆ.

ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದುಕೊಂಡು ಭಾಗಿಸುತ್ತ ಹೋದೆ. ಪ್ರತಿ ಸಲ ಶೇಷ ಉಳಿದಾಗ ಖುಷಿಯಾಗುತ್ತಿತ್ತು. ಪೂರ್ತಿ ಪರೀಕ್ಷಿಸಬೇಕಿದ್ದರೆ 65 ಸಾವಿರ ದಾಟುವವರೆಗೆ ಹೋಗಬೇಕಿತ್ತು. ಸಾವಿರ ದಾಟುತ್ತಲೇ ನನಗೆ ಸಾಕೆನಿಸಿತು. ತರಗತಿಯಲ್ಲಿ ಎದ್ದು ನಿಂತು ಇದು ಅವಿಭಾಜ್ಯ ಎಂದು ಹೇಳಿಯೂಬಿಟ್ಟೆ. ಮೇಷ್ಟ್ರು ಗದರಲಿಲ್ಲ. "641ರ ಲೆಕ್ಕ ಇನ್ನೊಂದ್ಸಲ ಮಾಡಪ್ಪ" ಎಂದರಷ್ಟೇ.

ನೋಟ್‌ಬುಕ್ಕಿನಲ್ಲಿ ಆ ಲೆಕ್ಕ ಇತ್ತು. ನಡುವೆ ಒಂದು ಕಡೆ 2672ರಲ್ಲಿ 2564 ಕಳೆಯಬೇಕು, ಉಳಿಯುವುದು 108. ನಾನು 118 ಬರೆದಿದ್ದೆ. ಆ ಹತ್ತು ಮುಂದಕ್ಕೆ ಹರಿದು ಕೊನೆಯಲ್ಲಿ 359 ಶೇಷವಾಗಿ ನಿಂತಿತ್ತು. ಸರಿಯಾಗಿ ಮಾಡಿದರೆ ಏನೂ ಉಳಿಯುವುದಿಲ್ಲ, ಭಾಗಲಬ್ಧ 67,00,417. ಕಳೆಯುವಾಗ ಯಾರಿಗಾದರೂ ಕೈ ತಪ್ಪಬಹುದು. ನನ್ನನ್ನು ಇಂದಿಗೂ ಕಾಡುವುದು ಬೇರೆ: ಶೇಷ ಬರಲಿ ಎಂದೇ ಬಯಸಿದ್ದರಿಂದ, ಬಂದ ಒಂದು ಶೇಷವನ್ನೂ ತಾಳೆ ನೋಡಿರಲಿಲ್ಲ.

ಲಿಯೊನಾರ್ಡ್ ಆಯ್ಲರ್ 1732ರಲ್ಲೇ ಈ 641ನ್ನು ಹಿಡಿದಿದ್ದರೆಂದು ಆಮೇಲೆ ಓದಿದೆ. ಈ ಸಂಖ್ಯೆಯನ್ನು ಭಾಗಿಸಬಲ್ಲ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕೆಂದೂ ಅವರು ಸಾಧಿಸಿದರು. ಅಲ್ಲಿಗೆ ನೋಡಬೇಕಾದವು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ! ಪುಟಗಟ್ಟಲೆ ಭಾಗಿಸಿದ ನಾನು, ಎಂಥ ಸಂಖ್ಯೆ ಇದನ್ನು ಭಾಗಿಸೀತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಫರ್ಮಾರ ಆ ಸಾಲಿನಲ್ಲಿ 65537ರ ಆಚೆಗೆ ಅವಿಭಾಜ್ಯ ಇಂದಿನವರೆಗೂ ಒಂದೂ ಸಿಕ್ಕಿಲ್ಲ.

ಈಗ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಭಾಗಾಕಾರಕ್ಕೆ ಹೋಗುವುದೇ ಇಲ್ಲ. 641 ಎಂದರೆ 625 ಕೂಡಿಸು 16, ಅಂದರೆ 5ರ ನಾಲ್ಕನೇ ಘಾತ ಮತ್ತು 2ರ ನಾಲ್ಕನೇ ಘಾತದ ಮೊತ್ತ. ಜೊತೆಗೆ ಅದು 5 ಗುಣಿಸು 128, ಕೂಡಿಸು ಒಂದು. 2ರ 32ನೇ ಘಾತವನ್ನು 16 ಗುಣಿಸು 2ರ 28ನೇ ಘಾತ ಎಂದು ಬಿಡಿಸಿ, 16ರ ಜಾಗದಲ್ಲಿ 641 ಕಳೆ 625 ಎಂದು ಬರೆಯಿರಿ. ಮೊದಲ ತುಂಡು 641ರ ಗುಣಕ. ಕಳೆಯಬೇಕಾದ ಎರಡನೆಯ ತುಂಡು 640ರ ನಾಲ್ಕನೇ ಘಾತ. 640 ಎಂದರೆ 641ಕ್ಕೆ ಒಂದು ಕಡಿಮೆ, ಹಾಗಾಗಿ ಅದರ ನಾಲ್ಕನೇ ಘಾತವನ್ನು 641ರಿಂದ ಭಾಗಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ಅದನ್ನು ಕಳೆದಾಗ ಕೊರತೆ ಬೀಳುವ ಆ ಒಂದನ್ನು, ಫರ್ಮಾ ಕೂಡಿಸಿದ ಒಂದು ತುಂಬಿಕೊಡುತ್ತದೆ.