ಉಷ್ಣ ಅಂತ ಸುಮ್ಮನಿದ್ದವರು

ಮೊದಲ ಸಲ ಕಮೋಡಿನಲ್ಲಿ ಕೆಂಪು ಕಂಡಾಗ ಹಿಂದಿನ ರಾತ್ರಿಯ ಬೀಟ್‌ರೂಟ್ ಪಲ್ಯದ ಮೇಲೆ ತಪ್ಪು ಹೊರಿಸಿ ಫ್ಲಶ್ ಮಾಡಿದೆ. ಎರಡನೇ ಸಲ ಬೀಟ್‌ರೂಟ್ ತಿಂದಿರಲಿಲ್ಲ. ಆಮೇಲೂ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಆಫೀಸಿನ ಸರ್ವರ್‌ನಲ್ಲಿ ರಾತ್ರಿ ಎರಡಕ್ಕೆ ಸಣ್ಣದೊಂದು ವಾರ್ನಿಂಗ್ ಬಂದರೂ ಎದ್ದು ಕೂತು ಲಾಗ್ ಓದುವ ಮನುಷ್ಯ ನಾನು. ನನ್ನ ದೇಹದ್ದೇ ವಾರ್ನಿಂಗ್ ಬಂದಾಗ ಮಾತ್ರ ಚಿಲಕ ಹಾಕಿಕೊಂಡು ಸುಮ್ಮನಿದ್ದೆ.

ಅಮ್ಮನಿಗೆ ಫೋನಿನಲ್ಲಿ "ಸ್ವಲ್ಪ ಉಷ್ಣ ಆಗಿದೆ" ಅಂದೆ, ಅಷ್ಟೇ. ನಮ್ಮ ಮಲೆನಾಡಿನ ಕಡೆ ಕಣ್ಣುರಿಯಿಂದ ಹಿಡಿದು ಬಾಯಿಹುಣ್ಣಿನ ತನಕ ಎಲ್ಲಕ್ಕೂ ಉಷ್ಣವೇ ಕಾರಣ. ಒಂದೆಲಗದ ತಂಬುಳಿ ಮಾಡ್ಕೊ, ಸುವರ್ಣಗಡ್ಡೆ ಪಲ್ಯ ತಿನ್ನು ಅಂದಳು. ತಿಂದೆ. ರಕ್ತ ನಿಲ್ಲಲಿಲ್ಲ.

ಕೊನೆಗೆ ಹೆಂಡತಿಯೇ ಅಪಾಯಿಂಟ್‌ಮೆಂಟ್ ತಗೊಂಡು ಎಳೆದುಕೊಂಡು ಹೋದಳು. ನಾನು ನಾಚಿಕೆಯಿಂದ ಮುದುಡಿ ಕೂತಿದ್ದರೆ ಡಾಕ್ಟರು 'ಊಟ ಆಯ್ತಾ' ಅನ್ನೋ ಹಾಗೆ ಕೇಳಿದರು: ಬಣ್ಣ ಹೇಗಿದೆ? ಮಲದ ಮೇಲೆ ಅಂಟಿರುತ್ತಾ, ಒಳಗೇ ಬೆರೆತಿರುತ್ತಾ? ನೋವಿದೆಯಾ? ತೂಕ ಇಳಿದಿದೆಯಾ? ಒಂದೊಂದು ಪ್ರಶ್ನೆಗೂ ಅರ್ಥವಿತ್ತು. ತಾಜಾ ಕೆಂಪು ರಕ್ತ ಸಾಮಾನ್ಯವಾಗಿ ಗುದದ ಹತ್ತಿರದ್ದು. ನೋವಿಲ್ಲದೆ ತೊಟ್ಟಿಕ್ಕಿದರೆ ಹೆಚ್ಚಾಗಿ ಮೂಲವ್ಯಾಧಿ. ಗಾಜಿನಿಂದ ಕೊಯ್ದ ಹಾಗೆ ಉರಿದರೆ ಫಿಶರ್, ಅಂದರೆ ಗುದದ ಬಿರುಕು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿದ್ದರೆ ರಕ್ತ ಜಠರದ ಕಡೆಯಿಂದ ಬರುತ್ತಿರಬಹುದು.

ಪರೀಕ್ಷೆ ಎರಡೇ ನಿಮಿಷ. ನನ್ನದು ಫಿಶರ್. ನೀರು ಕುಡಿಯಲ್ಲ, ತರಕಾರಿ ತಿನ್ನಲ್ಲ, ಮಲ ಗಟ್ಟಿ, ಮೇಲಿಂದ ಮುಕ್ಕುತ್ತಾ ಕೂರೋದು ಬೇರೆ. ಒಂದು ಮುಲಾಮು, ನಾರಿನ ಪುಡಿ, ದಿನಕ್ಕೆರಡು ಸಲ ಬೆಚ್ಚನೆ ನೀರಿನ ಟಬ್‌ನಲ್ಲಿ ಕೂರುವ ಶಿಕ್ಷೆ. ಒಂದೂವರೆ ತಿಂಗಳಲ್ಲಿ ವಾಸಿಯಾಯಿತು.

ಆದರೆ ಅವತ್ತು ಎದ್ದು ಹೊರಡುವಾಗ ಡಾಕ್ಟರು ಕೇಳಿದ್ದರು, "ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ?" ಇಲ್ಲ ಅಂದೆ. ಕಾರು ಹತ್ತಿದ ಮೇಲೆ ಅನ್ನಿಸಿತು, ನನಗೇನು ಗೊತ್ತು? ನಾನು ಹೇಳಿದ್ದೆನಾ, ಅವರು ಹೇಳೋಕೆ? ಅಪ್ಪನಿಗೆ ಫೋನ್ ಮಾಡಿದೆ.

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. "ನಂಗೂ ಹೋಗ್ತದೆ ಮಾರಾಯ. ವರ್ಷ ಆಯ್ತು. ಮೂಲವ್ಯಾಧಿ ಅದು. ಅದನ್ನೆಲ್ಲ ಹೇಳ್ಕೊಂಡು ತಿರುಗೋಕಾಗ್ತದಾ?"

ಅಪ್ಪನಿಗೆ ಆಗ 64. ತೋಟದಿಂದ ಗುಡ್ಡ ಹತ್ತಿ ಬರುವಾಗ ನಡುವೆ ಎರಡು ಸಲ ಕೂರುತ್ತಿದ್ದ. ಬೆಲ್ಟಿಗೆ ಹೊಸ ತೂತು ಹೊಡೆದಿದ್ದ. ನಾವೆಲ್ಲ ವಯಸ್ಸು ಅಂದುಕೊಂಡಿದ್ದೆವು. ಕರೆತಂದು ಕೊಲೊನೋಸ್ಕೋಪಿ ಮಾಡಿಸಿದೆವು. ಅಪ್ಪ ಹೇಳಿದ್ದೂ ಸುಳ್ಳಲ್ಲ, ಮೂಲವ್ಯಾಧಿ ಇತ್ತು. ಅದರಿಂದ ಒಂದು ಗೇಣು ಮೇಲೆ ಗಡ್ಡೆಯೂ ಇತ್ತು. ಮೂಲವ್ಯಾಧಿ ಇದೆ ಅನ್ನೋದು ಬೇರೇನೂ ಇಲ್ಲ ಅನ್ನೋದಕ್ಕೆ ಸಾಕ್ಷಿಯಲ್ಲ ಅಂತ ಅವತ್ತು ಅರ್ಥವಾಯಿತು.

ಆಪರೇಷನ್ ಆಗಿ ಎರಡು ವರ್ಷವಾಯಿತು. ಅಪ್ಪ ಮತ್ತೆ ತೋಟಕ್ಕೆ ಹೋಗುತ್ತಾನೆ. ನನಗೆ 40 ತುಂಬಿದಾಗ ಲಕ್ಷಣ ಇಲ್ಲದಿದ್ದರೂ ಕೊಲೊನೋಸ್ಕೋಪಿ ಆಗಬೇಕು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ.

ಒಂದೇ ಸಲ ಕಂಡರೂ ಡಾಕ್ಟರಿಗೆ ಹೇಳಿ, ಗೂಗಲ್ಲಿಗಲ್ಲ. ರಕ್ತ ಮಲದಲ್ಲಿ ಬೆರೆತಿದ್ದರೆ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗಿದ್ದರೆ, ತೂಕ ಇಳಿದಿದ್ದರೆ, ಸುಮ್ಮಸುಮ್ಮನೆ ಸುಸ್ತಾಗುತ್ತಿದ್ದರೆ ತಡ ಮಾಡಬೇಡಿ. ರಕ್ತ ತುಂಬಾ ಹೋಗುತ್ತಿದ್ದರೆ, ಮಲ ಡಾಂಬರಿನ ಹಾಗಿದ್ದರೆ ಅಥವಾ ತಲೆ ಸುತ್ತಿದರೆ ಆ ಗಳಿಗೆಯಲ್ಲೇ ಎಮರ್ಜೆನ್ಸಿಗೆ ಹೋಗಿ. ಹಾಗೇ ಊರಿಗೆ ಫೋನ್ ಮಾಡಿದಾಗ ಮಳೆ, ಅಡಿಕೆ ರೇಟಿನ ಜೊತೆ ಇದನ್ನೂ ಕೇಳಿ.

ಈಗ ಭಾನುವಾರ ಫೋನ್ ಮಾಡಿದರೆ ಅಪ್ಪ ಜಗಲಿಯಲ್ಲಿ ಕೂತು, ನಾನು ಕೇಳುವ ಮೊದಲೇ, ಅಕ್ಕಪಕ್ಕದವರಿಗೆಲ್ಲ ಕೇಳಿಸುವ ಹಾಗೆ ವಾರದ ವರದಿ ಒಪ್ಪಿಸುತ್ತಾನೆ. ಸ್ಪೀಕರ್ ಆನ್ ಇದ್ದರೆ ಹೆಂಡತಿ ನಗುತ್ತಾಳೆ. ನಾನು ಮಾತ್ರ ಪೂರ್ತಿ ಕೇಳಿಸಿಕೊಳ್ಳುತ್ತೇನೆ.