ಬಿದ್ದಾಗ ವೇಗ ಎಲ್ಲಿಗೆ ಹೋಗುತ್ತೆ?

ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆಲ್ಲ ಸಂವೇಗ ಸಂರಕ್ಷಣೆಯ ನಿಯಮ ಬಾಯಿಪಾಠ. ದ್ರವ್ಯರಾಶಿಯನ್ನ ವೇಗದಿಂದ ಗುಣಿಸಿದರೆ ಸಂವೇಗ. ಹೊರಗಿನ ಬಲ ಇಲ್ಲದಿದ್ದರೆ ಒಟ್ಟು ಸಂವೇಗ ಬದಲಾಗಲ್ಲ. ಮಾರ್ಕ್ಸ್ ಸಿಕ್ತು, ಮುಂದಕ್ಕೆ ಹೋದ್ವಿ. ಆದ್ರೆ ಕೈಜಾರಿದ ಮೊಬೈಲು ನೆಲಕ್ಕೆ ಬಿದ್ದು ಸುಮ್ಮನಾಗುತ್ತಲ್ಲ, ಅದರ ಸಂವೇಗ ಎಲ್ಲಿ ಹೋಯ್ತು? ನಿಯಮ ಸುಳ್ಳಾಯ್ತಾ?

ಇಲ್ಲ. ಲೆಕ್ಕದಲ್ಲಿ ನಾವು ಭೂಮಿಯನ್ನ ಬಿಟ್ಟಿರ್ತೀವಿ, ಅಷ್ಟೆ. ಮೊಬೈಲು ಕೆಳಗೆ ಬೀಳುವಾಗ ಭೂಮಿಯೂ ಅದರ ಕಡೆಗೆ ಮೇಲೆ ಬರ್ತಿರುತ್ತೆ. ಎರಡರ ಸಂವೇಗವೂ ಸಮ, ದಿಕ್ಕು ಮಾತ್ರ ವಿರುದ್ಧ, ಕೂಡಿಸಿದರೆ ಸೊನ್ನೆ. ಬಿದ್ದು ನಿಂತ ಮೇಲೂ ಸೊನ್ನೆ. ಭೂಮಿಯ ದ್ರವ್ಯರಾಶಿ ಕೆ.ಜಿ.ಯಲ್ಲಿ 6ರ ಮುಂದೆ 24 ಸೊನ್ನೆ, ಹಾಗಾಗಿ ಅದು ಕದಲಿದ್ದು ಯಾರಿಗೂ ಕಾಣಲ್ಲ.

ಸರಿ, ಮೊಬೈಲು ಒಡೆಯೋದು ಯಾಕೆ? 200 ಗ್ರಾಂ ಫೋನು 1 ಮೀಟರ್ ಎತ್ತರದಿಂದ ಬಿದ್ದರೆ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತೆ. ಟೈಲ್ಸ್ ಮೇಲೆ 1 ಮಿಲಿಸೆಕೆಂಡಿನಲ್ಲಿ ನಿಂತರೆ 90 ಕೆ.ಜಿ. ಭಾರ ಹೇರಿದಷ್ಟು ಬಲ. ಹಾಸಿಗೆ ಮೇಲೆ 50 ಮಿಲಿಸೆಕೆಂಡ್ ತಗೊಂಡು ನಿಂತರೆ ಬರೀ 2 ಕೆ.ಜಿ.ಯಷ್ಟು. ಕೊಡಬೇಕಾದ ಸಂವೇಗ ಎರಡೂ ಕಡೆ ಒಂದೇ. ಒಂದೇ ಸಲ ಕಟ್ಟೋ ಸಾಲಕ್ಕೂ ಇಎಂಐಗೂ ಇರೋ ವ್ಯತ್ಯಾಸ.

ಇದನ್ನ ನಾನು ಅಪ್ಪನಿಗೆ ಹೇಳಬೇಕಾಗಿ ಬಂತು. ರಿಟೈರ್ ಆದ ಮೇಲೆ ಅವರ ಸ್ಕೂಟರ್ ಓಡೋದು ಹಾಲಿನ ಬೂತು, ತರಕಾರಿ ಅಂಗಡಿ, ಲೈಬ್ರರಿ ಅಷ್ಟೆ. "ಇಲ್ಲೇ ಹತ್ರ, 20ರಲ್ಲಿ ಹೋಗ್ತೀನಿ, ಹೆಲ್ಮೆಟ್ ಯಾಕೆ?" ಅನ್ನೋದು ಅವರ ವಾದ. ಹೋದ ಮಳೆಗಾಲದಲ್ಲಿ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಕಾಲೂರಿದರು. ಒದ್ದೆ ಮರಳು, ಕಾಲು ಜಾರಿತು, ತಲೆ ನೇರ ಫುಟ್‌ಪಾತಿನ ಕಲ್ಲಿಗೆ. ಅವತ್ತು ಅಮ್ಮನ ಕಾಟಕ್ಕೆ ಹೆಲ್ಮೆಟ್ ಹಾಕಿದ್ದರು. ಹೆಲ್ಮೆಟ್ ಬಿರುಕು ಬಿಡ್ತು, ತಲೆಗೆ ಏನೂ ಆಗಲಿಲ್ಲ.

ಗಮನಿಸಿ, ಗಾಡಿಯ ವೇಗ ಆಗ ಸೊನ್ನೆ. ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತೆ. ಅಷ್ಟು ಎತ್ತರದಿಂದ ಬಿದ್ದರೆ ತಲೆ ನೆಲ ಮುಟ್ಟೋ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ಸ್ಕೂಟರ್ ನಿಂತಿದ್ದರೂ ಅಷ್ಟೇ, ನಿಧಾನಕ್ಕೆ ಹೋಗ್ತಿದ್ದರೂ ಅಷ್ಟೇ. ಕೆಳಗೆ ಬೀಳೋ ವೇಗಕ್ಕೆ ಸ್ಪೀಡೋಮೀಟರ್ ಜೊತೆ ಸಂಬಂಧ ಇಲ್ಲ, ಎತ್ತರದ ಜೊತೆ ಮಾತ್ರ. ಹಾಲಿನ ಬೂತು ಎಷ್ಟು ಹತ್ತಿರ ಅನ್ನೋದು ಲೆಕ್ಕದಲ್ಲಿ ಎಲ್ಲೂ ಬರಲ್ಲ.

ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಮಾಡೋ ಕೆಲಸ ಹಾಸಿಗೆಯದ್ದೇ. ತಾನು ನಜ್ಜುಗುಜ್ಜಾಗಿ ತಲೆಗೆ ನಿಲ್ಲೋಕೆ ಸ್ವಲ್ಪ ಜಾಗ ಕೊಡುತ್ತೆ. ನಿಲ್ಲೋ ದೂರ ಹತ್ತು ಪಟ್ಟಾದರೆ ಸರಾಸರಿ ಬಲ ಹತ್ತನೇ ಒಂದಕ್ಕೆ ಇಳಿಯುತ್ತೆ. ಒಮ್ಮೆ ಅಮುಕಿಹೋದ ಥರ್ಮಾಕೋಲ್ ಮತ್ತೆ ಮೊದಲಿನಂತೆ ಉಬ್ಬಲ್ಲ.

ಅಪ್ಪ ಒಡೆದ ಹೆಲ್ಮೆಟ್ಟಿಗೆ ಗಮ್ ಹಾಕೋಕೆ ಹೊರಟಿದ್ದರು. "ಹೊರಗೆ ಅಂಟಿಸಬಹುದು, ಒಳಗಿನದ್ದು ಒಂದೇ ಸಲದ ಟಿಕೆಟ್ಟು, ಮುಗೀತು," ಅಂದೆ. ಹೊಸದು ತಂದ್ವಿ. ಈಗ ಬೂತಿಗೂ ಹಾಕ್ಕೊಂಡು ಹೋಗ್ತಾರೆ. ಪಟ್ಟಿ ಬಿಗಿಯೋಕೆ ಮಾತ್ರ ಇನ್ನೂ ಸೋಮಾರಿತನ. ಪಟ್ಟಿ ಹಾಕದ ಹೆಲ್ಮೆಟ್ ತನ್ನ ಸಂವೇಗ ತಾನು ನೋಡ್ಕೊಂಡು ಬೇರೆ ದಾರಿ ಹಿಡಿಯುತ್ತೆ ಅನ್ನೋದು ಮುಂದಿನ ಪಾಠ. ನಿಮ್ಮ ಮನೆಯಲ್ಲೂ "ಇಲ್ಲೇ ಹತ್ರ" ಅನ್ನೋರು ಇದ್ದರೆ, ಕಾಫಿ ಕುಡೀತಾ ಆ ಒಂದೂವರೆ ಮೀಟರಿನ ಲೆಕ್ಕ ಹೇಳಿ ನೋಡಿ.